ಹಡಗಿನಿಂದಿಳಿದ ಅತಿಥಿಯ ಒಂದು ದಿನ

ನಮ್ಮ ಚಿತ್ರದುರ್ಗದ ಸೀಮೆಗೆ ಕಡಲಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಹುಟ್ಟಿ ಬೆಳೆದವರು ಕಣ್ಣುತುಂಬ ಕಂಡ ದೊಡ್ಡ ನೀರೆಂದರೆ ಮಾರಿಕಣಿವೆಯ ನೀರೇ ಸರಿ. ವೇದಾವತಿಗೆ ಅಡ್ಡಲಾಗಿ ಕಟ್ಟಿ ೧೯೦೭ರಲ್ಲಿ ಮುಗಿಸಿದ ಆ ಜಲಾಶಯಕ್ಕೆ ವಾಣೀವಿಲಾಸಸಾಗರವೆಂದು ಹೆಸರಿಟ್ಟು, ಅದನ್ನೇ ನಮ್ಮ ಸಾಗರವೆಂದು ಭಾವಿಸಿ ನಾವು ತೃಪ್ತರಾಗಿರುವೆವು. ಇಂತಹ ಒಳನಾಡಿನವನು ಹಡಗನ್ನೂ ರೇವನ್ನೂ ಕುರಿತು ಬರೆಯಹೊರಟರೆ ವಾಚಕರಿಗೆ ನಗೆ ಬಂದೀತು. ಆದರೂ ಈ ವಿಷಯಕ್ಕೂ ನಮ್ಮ ದುರ್ಗಕ್ಕೂ ಇರುವ ಸಂಬಂಧವನ್ನು ಲೇಖನದ ಕೊನೆಯಲ್ಲಿ ಅವರೇ ಕಾಣುವರೆಂದು ನಂಬಿ ಮುಂದುವರಿಯುತ್ತೇನೆ.

ಮಂಗಳೂರಿಗೆ ಸೇರಿದ ಪಣಂಬೂರಿನಲ್ಲಿ ೧೯೭೫ರಲ್ಲಿ ಉದ್ಘಾಟನೆಯಾದ ಹೊಸ ಬಂದರಿಗೆ, ಮಳೆಗಾಲ ಕಳೆದ ಮೇಲೆ, ಪರದೇಶದ ವಿಹಾರನೌಕೆಗಳು ಬರುವುದುಂಟು. ಬೆಳಗ್ಗೆ ಹಡಗು ರೇವಿಗೆ ಹತ್ತುತ್ತದೆ. ಪ್ರಯಾಣಿಕರು ಇಳಿದು, ಸಿದ್ಧವಾಗಿ ನಿಂತ ಬಸ್ಸುಗಳನ್ನೇರಿ, ಕದ್ರಿಯ ದೇವಾಲಯವನ್ನೋ, ೧೪೩೦ರಲ್ಲಿ ಕಟ್ಟಿಸಿದ ಮೂಡಬಿದಿರೆಯ ಸಾವಿರಕಂಬದ ಬಸದಿಯನ್ನೋ, ೧೪೩೨ರಲ್ಲಿ ನಿಲ್ಲಿಸಿದ ಕಾರ್ಕಳದ ಗೊಮ್ಮಟನನ್ನೋ ನೋಡಿ, ಪೇಟೆಯಲ್ಲಿ ಒಂದಿಷ್ಟು ಅಡ್ಡಾಡಿ, ಸಂಜೆಗೆ ಮತ್ತೆ ಹಡಗಿಗೆ ಮರಳುವರು. ರಾತ್ರಿ ಹಡಗು ಮುಂದಿನ ರೇವಿಗೆ ಸಾಗುತ್ತದೆ. ಇದನ್ನು ನೋಡಿದ ನಮ್ಮ ಜನರು, “ಒಂದು ಹಗಲಿನಲ್ಲಿ ಇವರು ಕಾಣುವುದಾದರೂ ಏನನ್ನು? ಕಂಬ ಎಣಿಸಿ ಹೋಗುವರು” ಎಂದು ನಗುವುದು ಸಹಜ. ಈ ನಗೆ ನ್ಯಾಯವಾದುದೆ? ಹಡಗಿನಿಂದಿಳಿದು ಒಂದೆರಡು ದಿನ ನಮ್ಮ ನಾಡನ್ನು ನೋಡಿದವನ ನೋಟಕ್ಕೆ ಚರಿತ್ರೆಯಲ್ಲಿ ಬೆಲೆಯುಂಟೆ? ಇದೇ ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ.

ಮೊದಲಿಗೆ, ಹಡಗಿನಿಂದ ಇಳಿಯುವುದೆಂಬುದು ಹಿಂದೆ ಇಷ್ಟು ಸುಲಭವಾಗಿರಲಿಲ್ಲವೆಂಬುದನ್ನು ನೆನೆಯಬೇಕು. ಮೊರಾಕೊ ದೇಶದ ಇಬ್ನ್ ಬತೂತನು ಸುಮಾರು ೧೩೪೨ರಲ್ಲಿ, ದೆಹಲಿಯ ಸುಲ್ತಾನನ ರಾಯಭಾರಿಯಾಗಿ ಚೀನಾ ದೇಶಕ್ಕೆ ಹೊರಟು, ನಮ್ಮ ಪಡುವಣ ತೀರದ ರೇವುಗಳನ್ನು ಒಂದೊಂದಾಗಿ ಮುಟ್ಟುತ್ತ ತೆಂಕಣಕ್ಕೆ ಸಾಗಿದನು. ಅವನ ಹಡಗು ಬಾರಕೂರಿನೆದುರು ಲಂಗರು ಹಾಕಿದಾಗ, ಅಲ್ಲಿಯ ಅರಸನು ತನ್ನ ಮಗನನ್ನೇ ಒತ್ತೆಯಾಗಿ ಹಡಗಿಗೆ ಕಳುಹಿಸಿದನಂತೆ. ಆ ಕುಮಾರನು ಹಡಗಿನಲ್ಲಿ ಕುಳಿತ ಮೇಲೆಯೇ ಇವರು ದಡಕ್ಕಿಳಿದು ಮೂರು ರಾತ್ರಿ ಅರಸನ ಆತಿಥ್ಯವನ್ನು ಸ್ವೀಕರಿಸಿದರು. ಮುಂದೆ ಮಂಗಳೂರಿನಲ್ಲಿ ಅಲ್ಲಿಯ ಖಾಜಿಯು ತಾನಾಗಿ ಹಡಗಿಗೆ ಬಂದು ಕರೆದರೂ, ಅರಸುಮಗನು ಬಂದು ಒತ್ತೆಯಾಗಿ ಕೂರುವವರೆಗೂ ಇಳಿಯಲೊಲ್ಲೆವೆಂದು ಇವರು ಹಟ ಹಿಡಿದರು. ಮೂರು ದಿನದ ದರ್ಶನಕ್ಕೆ ರಾಜಕುಮಾರನೊಬ್ಬನ ಪ್ರಾಣವೇ ಅಡವು! ಹೊಸಬನಿಗೆ ಊರಿನ ಭಯ, ಊರಿಗೆ ಹೊಸಬನ ಭಯ. ಆ ಎರಡು ಭಯಗಳ ನಡುವೆ ಕಣ್ಣು ತೆರೆದು ನೋಡಿದವನು ಅವನು. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗಾಗಿ ೧೩ ಪಾಠಶಾಲೆಗಳನ್ನೂ ಗಂಡುಮಕ್ಕಳಿಗಾಗಿ ೨೩ ಪಾಠಶಾಲೆಗಳನ್ನೂ ಕಂಡೆನೆಂದು ಅವನು ಬರೆದಿರುವನು. ಆರುನೂರ ಎಂಬತ್ತು ವರ್ಷಗಳ ಹಿಂದೆ ನಮ್ಮ ಕರಾವಳಿಯ ಒಂದು ಊರಿನಲ್ಲಿ ಹೆಣ್ಣುಮಕ್ಕಳು ಓದುತ್ತಿದ್ದರೆಂಬ ಸಂಗತಿಯನ್ನು ತಿಳಿಸಿದವನು ಊರಿನವನಲ್ಲ, ಹಾದುಹೋದ ಅತಿಥಿ.

ಇವನಿಗಿಂತಲೂ ನಮಗೆ ಹತ್ತಿರದವನಾಗಿ, ಹೆಚ್ಚು ವಿವರವಾಗಿ ಬರೆದವನು ಇಟಲಿಯ ರೋಮಾಪುರದ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಶ್ರೀಮಂತನು. ಇವನು ೧೫೮೬ರಲ್ಲಿ ಹುಟ್ಟಿದನು. ೧೬೧೪ರಲ್ಲಿ ವೆನಿಸ್ ಪಟ್ಟಣದಲ್ಲಿ ಹಡಗು ಹತ್ತಿದವನು ತುರ್ಕಿ, ಈಜಿಪ್ತ, ಪ್ಯಾಲಸ್ತೀನ ದೇಶಗಳನ್ನು ಸುತ್ತಿ, ಬಾಗ್ದಾದಿನಲ್ಲಿ ಸಿತ್ತಿ ಮಾನಿ ಎಂಬ ಕ್ರೈಸ್ತ ಕನ್ಯೆಯನ್ನು ಪ್ರೀತಿಸಿ ಮದುವೆಯಾದನು. ಪಾರಸಿಕ ದೇಶದಲ್ಲಿ ಗಂಡನೊಡನೆ ಅಲೆದ ಆಕೆ ೧೬೨೧ರ ಕೊನೆಯಲ್ಲಿ ಹೊರ್ಮುಜಿನ ಸಮೀಪದಲ್ಲಿ ಜ್ವರದಿಂದ ತೀರಿಹೋದಳು. ಪರದೇಶದ ಮಣ್ಣಿನಲ್ಲಿ ಆಕೆಯನ್ನು ಬಿಟ್ಟುಬರಲು ಅವನಿಗೆ ಮನಸ್ಸಾಗಲಿಲ್ಲ. ದೇಹ ಕೆಡದಂತೆ ಸಂಸ್ಕರಿಸಿ, ಪೆಟ್ಟಿಗೆಯಲ್ಲಿಟ್ಟು, ಹಿಂದೂಸ್ಥಾನಕ್ಕೆ ತಂದು, ಕೊನೆಗೆ ೧೬೨೭ರಲ್ಲಿ ರೋಮಿನ ತನ್ನ ವಂಶದ ಸಮಾಧಿಯಲ್ಲಿಯೇ ಮಣ್ಣು ಮಾಡಿದನು. ಅವನು ೧೬೨೩ರಲ್ಲಿ ನಮ್ಮ ನಾಡಿಗೆ ಬಂದಾಗ ಈ ದುಃಖವನ್ನು ಹೊತ್ತೇ ಬಂದಿದ್ದನೆಂಬುದನ್ನು ವಾಚಕರು ಮರೆಯಬಾರದು.

ಆ ವರ್ಷದ ಅಕ್ಟೋಬರಿನಲ್ಲಿ ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪನಾಯಕನ ಬಳಿಗೆ ಒಂದು ರಾಯಭಾರವನ್ನು ಕಳುಹಿಸಿದರು. ದೆಲ್ಲಾ ವಾಲ್ಲೆಯು ಕೇವಲ ನೋಡುವ ಆಸೆಯಿಂದ ಅದರೊಡನೆ ಹೊರಟನು. ಹೊನ್ನಾವರದವರೆಗೆ ಕಡಲ ದಾರಿ. ಅಲ್ಲಿಂದ ಶರಾವತಿಯ ಮೇಲೆ ದೋಣಿಯಲ್ಲಿ ಗೇರುಸೊಪ್ಪೆಗೆ ಹೋಗಿ, ಪಾಳುಬಿದ್ದ ಆ ರಾಣಿಯ ನಗರವನ್ನು ನೋಡಿ, ಘಟ್ಟವನ್ನು ಹತ್ತಿ ಇಕ್ಕೇರಿಗೆ ಬಂದನು. ರಾಯಭಾರಿಗೆ ರಾಜಕಾರ್ಯ, ಇವನಿಗೆ ನೋಡುವುದೇ ಕಾರ್ಯ. ಕಂಡುದನ್ನೆಲ್ಲ ನೇಪಲ್ಸ್ ನಗರದ ವೈದ್ಯಮಿತ್ರನಿಗೆ ಕಾಗದಗಳಲ್ಲಿ ಬರೆದನು. ಹಿಂದೂಸ್ಥಾನದ ಕಾಗದಗಳು ಅಚ್ಚಾದುದು ಅವನು ೧೬೫೨ರಲ್ಲಿ ತೀರಿಕೊಂಡ ಮೇಲೆಯೇ.

ಘಟ್ಟದ ಮೇಲಣ ಒಂದು ಹಳ್ಳಿಯಲ್ಲಿ, ಗುಡಿಯ ಮೊಗಸಾಲೆಯ ನೆರಳಿನಲ್ಲಿ, ನಾಲ್ಕು ಮಂದಿ ಹುಡುಗರು ಲೆಕ್ಕ ಕಲಿಯುತ್ತಿರುವುದನ್ನು ಇವನು ಕಂಡನು. ನೆಲದ ಮೇಲೆ ನಯವಾದ ಮರಳನ್ನು ಹರಡಿತ್ತು. ಒಬ್ಬನು ಪಾಠವನ್ನು ರಾಗವಾಗಿ ಹೇಳುತ್ತ, ಹೇಳಿದುದನ್ನೇ ಬೆರಳಿನಿಂದ ಮರಳಿನಲ್ಲಿ ಬರೆಯುವನು. ಉಳಿದವರು ಅವನೊಡನೆ ಹಾಡಿ ಬರೆಯುವರು. ಮರಳು ತುಂಬಿದ ಮೇಲೆ ಅಳಿಸಿ ಮತ್ತೆ ಹರಡುವರು. ಕಾಗದವಿಲ್ಲ, ಲೇಖನಿಯಿಲ್ಲ. ಉಪಾಧ್ಯಾಯನು ಬಳಿಯಲ್ಲಿಲ್ಲದಾಗ ಪಾಠ ಮರೆತರೆ ತಿದ್ದುವವರು ಯಾರೆಂದು ಇವನು ಕೇಳಿದನು. ನಾಲ್ವರೂ ಒಂದೇ ಕಡೆಯಲ್ಲಿ ತಪ್ಪುವುದು ಸಾಧ್ಯವಿಲ್ಲವಾದುದರಿಂದ ಒಬ್ಬನು ತಪ್ಪಿದರೆ ಇನ್ನೊಬ್ಬನು ತಿದ್ದುವನು, ಅದಕ್ಕಾಗಿಯೇ ಜೊತೆಯಾಗಿ ಕಲಿಯುವೆವು ಎಂದು ಹುಡುಗರು ಉತ್ತರ ಕೊಟ್ಟರಂತೆ. ಈ ಕ್ರಮವು ಚೆಲುವೂ ಸುಲಭವೂ ನಂಬಿಕೆಗೆ ಅರ್ಹವೂ ಆಗಿದೆಯೆಂದು ಅವನು ಮೆಚ್ಚಿ ಬರೆದನು.

ನಮ್ಮ ಅಜ್ಜಂದಿರಲ್ಲಿ ಹಲವರು ಐಗಳ ಮಠದಲ್ಲಿ ಮರಳಿನ ಮೇಲೆಯೇ ಅಕ್ಷರ ತಿದ್ದಿದವರು. ಅದು ಮನೆಮನೆಯ ಮಾತಾಗಿದ್ದುದರಿಂದಲೇ ಬರೆದಿಡಲು ಯೋಗ್ಯವೆಂದು ಯಾರಿಗೂ ತೋರಲಿಲ್ಲ. ನಿತ್ಯವಾದುದು ನಿತ್ಯವಾಸಿಯ ಕಣ್ಣಿಗೆ ಬೀಳುವುದಿಲ್ಲ. ಅರಸರ ದಾನದತ್ತಿಗಳನ್ನು ಕಲ್ಲಿನಲ್ಲಿ ಕೊರೆಸಿದ ನಾಡು ಮಕ್ಕಳ ಮಗ್ಗಿಯನ್ನು ಮರಳಿನಲ್ಲಿಯೇ ಬಿಟ್ಟಿತು. ಅದನ್ನು ಎತ್ತಿ ಕಾಗದದ ಮೇಲಿಟ್ಟವನು ದಾರಿಹೋಕನು.

ಇಕ್ಕೇರಿಯಿಂದ ಘಟ್ಟವನ್ನಿಳಿದು ಮತ್ತೆ ತೀರವನ್ನು ಸೇರಿ, ಡಿಸೆಂಬರಿನಲ್ಲಿ ಇವನು ಹಡಗಿನಲ್ಲಿ ಮಂಗಳೂರಿಗೆ ಬಂದನು. ಮಂಗಳೂರಿನಲ್ಲಿ ಇವನು ಕಳೆದ ದಿನಗಳು ಇಂದಿನ ವಿಹಾರನೌಕೆಯ ಪ್ರಯಾಣಿಕನ ದಿನಕ್ಕೆ ತೀರ ಹತ್ತಿರವಾಗಿವೆ. ನೋಡಿದ ಸ್ಥಳಗಳಲ್ಲಿ ಕದ್ರಿಯೂ ಒಂದು. ಅಲ್ಲಿಯ ಬೆಟ್ಟದ ಮೇಲೆ ಜೋಗಿಗಳ ಮಠವನ್ನೂ, ಜೋಗಿಗಳ ಅರಸನೆನಿಸಿದ ವೃದ್ಧನನ್ನೂ ಕಂಡನು. ಆದರೆ ಅವನ ಮುಖ್ಯವಾದ ಆಸೆ ಉಳ್ಳಾಲದ ರಾಣಿಯನ್ನು ಕಾಣಬೇಕೆಂಬುದು. ಈಕೆ ಚೌಟರ ವಂಶದ ಅಬ್ಬಕ್ಕದೇವಿ. ಈ ಹೆಸರಿನವರು ಒಬ್ಬರಿಗಿಂತ ಹೆಚ್ಚು ಮಂದಿ ಆಳಿದರೆಂಬುದು ವಿದ್ವಾಂಸರ ಅಭಿಪ್ರಾಯ. ಗಂಡನಾದ ಬಂಗರಸನನ್ನು ತೊರೆದು, ವೆಂಕಟಪ್ಪನಾಯಕನ ಬೆಂಬಲದಿಂದ ಅವನನ್ನೂ ಅವನ ಪಕ್ಷದ ಪೋರ್ಚುಗೀಸರನ್ನೂ ಎದುರಿಸಿ ನಿಂತವಳೆಂದು ಈಕೆಯ ಖ್ಯಾತಿ ಹರಡಿತ್ತು. ಆಕೆ ಆಗ ಒಳನಾಡಿನ ಮಣೇಲಿನಲ್ಲಿದ್ದಳು; ಇವನು ಅಲ್ಲಿಗೇ ಹೋದನು.

ಅರಮನೆಯಲ್ಲಿ ಅಲ್ಲ, ಬೀದಿಯಲ್ಲಿಯೇ ಅವಳ ದರ್ಶನವಾಯಿತು. ತಾನು ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ರಾಣಿಯು ಬರಿಗಾಲಿನಲ್ಲಿ ನಡೆದು ಬರುತ್ತಿದ್ದಳು. ಸುಮಾರು ನಾಲ್ವತ್ತು ವರ್ಷ ವಯಸ್ಸು, ಕಪ್ಪು ಮೈಬಣ್ಣ, ಸೊಂಟದ ಕೆಳಗೆ ದಪ್ಪ ನೂಲಿನ ಬಿಳಿಯ ಬಟ್ಟೆ, ತಲೆಯ ಮೇಲೆ ತಾಳೆಗರಿಯ ಕೊಡೆ. ಮೊದಲ ನೋಟಕ್ಕೆ ರಾಣಿಗಿಂತ ಅಡಿಗೆಯ ಮನೆಯ ದಾಸಿಯಂತೆಯೋ ಅಗಸಗಿತ್ತಿಯಂತೆಯೋ ತೋರಿದಳೆಂದು ಅವನು ಸಂಕೋಚವಿಲ್ಲದೆ ಬರೆದಿರುವನು. ಆದರೆ ಅವಳು ನಿಂತು ದುಭಾಷಿಯ ಮುಖಾಂತರ ಇವನನ್ನು ಮಾತನಾಡಿಸಿದಳು. ಎಲ್ಲಿಯವನು, ಯಾವ ಯಾವ ದೇಶಗಳನ್ನು ಕಂಡವನು, ತನ್ನ ಕಾಡಿನ ಸೀಮೆಗೆ ಬಂದುದೇಕೆ ಎಂದು ವಿಚಾರಿಸಿದಳು. ತುರ್ಕಿಯ, ಪಾರಸಿಕದ, ಮೊಗಲರ, ವೆಂಕಟಪ್ಪನಾಯಕನ ಆಸ್ಥಾನಗಳನ್ನು ನೋಡಿ ಈಗ ನಿಮ್ಮನ್ನು ನೋಡಲು ಬಂದೆನೆಂದು ಇವನು ಬಿನ್ನವಿಸಿದನು. ಮಾತು ಕೇಳಿದ ಮೇಲೆ ಅವನ ಲೇಖನಿಯ ಧಾಟಿಯೇ ಬದಲಾಯಿತು. ಧ್ವನಿಯಲ್ಲಿ ಮಾರ್ದವವೂ ಮಾತಿನಲ್ಲಿ ವಿವೇಕವೂ ಇದ್ದುವು, ರಾಣಿಯೆಂಬುದು ಮಾತಿನಿಂದಲೇ ತಿಳಿಯಿತು ಎಂಬ ಅಭಿಪ್ರಾಯವನ್ನು ಅವನು ಬರೆದಿಟ್ಟನು.

ಅಲ್ಪಕಾಲದ ಅತಿಥಿಯ ಗುಣದೋಷಗಳೆರಡನ್ನೂ ಈ ಒಂದು ಪ್ರಸಂಗವು ತೋರಿಸಿಕೊಡುತ್ತದೆ. ಅವನು ತನ್ನ ದೇಶದ ಅಳತೆಗೋಲನ್ನು ಜೊತೆಯಲ್ಲಿಯೇ ತರುವನು. ರೇಷ್ಮೆಯಿಲ್ಲದವಳು ರಾಣಿಯಾಗಲಾರಳೆಂಬುದು ರೋಮಿನ ಅಳತೆ. ಬಿಸಿಲಿನಲ್ಲಿ ಬರಿಗಾಲಿನಲ್ಲಿ ಕಾಲುವೆಯ ಕೆಲಸವನ್ನು ನೋಡಹೋಗುವುದೇ ರಾಜಧರ್ಮವೆಂಬುದು ಅವನಿಗೆ ಹೊಳೆದಿತೋ ಇಲ್ಲವೋ. ಅವನ ಬರೆವಣಿಗೆಯಲ್ಲಿ ಅಬ್ಬಕ್ಕನ ಹೆಸರು ‘ಅಬಗದೇವಿ’ಯಾಗಿದೆ. ಆದುದರಿಂದ ಅತಿಥಿಯ ಸಾಕ್ಷ್ಯವನ್ನು ತೂಗಿ ನೋಡದೆ ಸ್ವೀಕರಿಸಬಾರದು. ಆದರೆ ಇದೇ ಮನುಷ್ಯನು ಕಂಡುದನ್ನು ಮುಚ್ಚಿಡಲಿಲ್ಲ. ಕೊಡೆ ಯಾವ ಗರಿಯದು, ಕಾಲಿನಲ್ಲಿ ಪಾದರಕ್ಷೆಯಿತ್ತೇ ಎಂಬುದನ್ನು ಬಿಡಲಿಲ್ಲ. ತನ್ನ ಮೊದಲನೆಯ ಎಣಿಕೆ ತಪ್ಪೆಂದು ತೋರಿದಾಗ ಎರಡನೆಯದನ್ನೂ ಬರೆದನು. ತೀರ್ಪು ಅವನದು, ಕಾಲುವೆ ನಮ್ಮದು. ಅವನ ತೀರ್ಪನ್ನು ಕಳೆದು ಕಾಲುವೆಯನ್ನು ಉಳಿಸಿಕೊಳ್ಳುವುದು ಚರಿತ್ರೆಯನ್ನು ಓದುವವನ ಕೆಲಸ.

ಇನ್ನೊಂದು ಪ್ರಸಂಗ ಇಕ್ಕೇರಿಯದು, ಮನಸ್ಸನ್ನು ಕಲಕುವಂತಹುದು. ಒಂದು ಸಂಜೆ ವಾದ್ಯಗಳೊಡನೆ ಒಬ್ಬ ಹೆಂಗಸು ಕುದುರೆಯ ಮೇಲೆ ಬೀದಿಯಲ್ಲಿ ಬರುತ್ತಿದ್ದಳು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಯ ಹಣ್ಣು. ಗಂಡನು ತೀರಿಹೋಗಿ, ಸಹಗಮನಕ್ಕೆ ಸಂಕಲ್ಪ ಮಾಡಿದವಳೆಂದು ವಿಚಾರಿಸಿದಾಗ ತಿಳಿಯಿತು. ದೆಲ್ಲಾ ವಾಲ್ಲೆಯು ಅವಳ ಮನೆಯನ್ನು ಹುಡುಕಿಕೊಂಡು ಹೋದನು. ಗಂಡನು ಮದ್ದಳೆ ಬಾರಿಸುವ ವೃತ್ತಿಯವನು. ಮನೆಯಲ್ಲಿ ಎಳೆಯ ಮಕ್ಕಳಿದ್ದರು. ಆ ಮಕ್ಕಳ ಮುಖ ನೋಡಿಯಾದರೂ ಈ ಸಂಕಲ್ಪವನ್ನು ಬಿಡು ಎಂದು ಅವನು ಬಗೆಬಗೆಯಾಗಿ ಹೇಳಿಕೊಂಡನು, ಅವಳು ಒಪ್ಪಲಿಲ್ಲ. ಕೊನೆಗೆ ಅವಳ ಹೆಸರನ್ನು ಕೇಳಿ, ತನ್ನ ಲೇಖನಿಗೆ ಶಕ್ತಿಯಿರುವಷ್ಟು ಮಟ್ಟಿಗೆ ಆ ಹೆಸರು ಲೋಕದಲ್ಲಿ ಅಳಿಯದಂತೆ ಮಾಡುವೆನೆಂದು ಮಾತು ಕೊಟ್ಟನು. ಅವನು ಬರೆದುಕೊಂಡ ಹೆಸರು ‘ಜಾಕ್ಕಮಾ’. ನಾವು ಜಕ್ಕಮ್ಮನೆಂದು ಓದಿಕೊಳ್ಳಬಹುದು.

ಈ ಆಚಾರವು ಹೇಯವಾದುದೆಂಬ ವಿಷಯದಲ್ಲಿ ಎರಡು ಮಾತಿಲ್ಲ. ಅದನ್ನು ಹೊಗಳುವುದು ನನ್ನ ಉದ್ದೇಶವೂ ಅಲ್ಲ. ಇಲ್ಲಿ ಗಮನಿಸಬೇಕಾದುದು ಬೇರೊಂದು. ಹೆಂಡತಿಯ ದೇಹವನ್ನು ಪೆಟ್ಟಿಗೆಯಲ್ಲಿಟ್ಟು ಕಡಲು ದಾಟಿಸಿದ ಗಂಡನೊಬ್ಬನು, ಗಂಡನನ್ನು ಕಳೆದುಕೊಂಡ ಹೆಂಗಸಿನ ಮುಂದೆ ಕುಳಿತು, ಬದುಕು ಎಂದು ಬೇಡಿದನು. ಅದು ಸಾಗದಿದ್ದಾಗ ಹೆಸರನ್ನಾದರೂ ಉಳಿಸಲು ಪಣ ತೊಟ್ಟನು. ಪಣವನ್ನು ನೆರವೇರಿಸಿದನು ಕೂಡ: ನಾನೂರು ವರ್ಷಗಳ ಮೇಲೆ ನಾವು ಆ ಹೆಸರನ್ನು ಓದುತ್ತಿದ್ದೇವೆ. ನಮ್ಮ ಸೀಮೆಯ ಊರೂರ ಹೊರಗೆ, ಹೊಲದ ಬದುವಿನಲ್ಲಿ, ಕೆರೆಯ ಏರಿಯ ಕೆಳಗೆ, ಬಳೆ ತೊಟ್ಟ ತೋಳೊಂದನ್ನು ಮೇಲೆತ್ತಿ ನಿಂತ ಮಾಸ್ತಿಕಲ್ಲುಗಳನ್ನು ವಾಚಕರು ಕಂಡಿರುವರು. ಅವುಗಳಲ್ಲಿ ಎಷ್ಟಕ್ಕೆ ಹೆಸರಿದೆ? ಆ ತೋಳು ಯಾರ ಮನೆಯ ಮಗಳದು? ಅಲ್ಲಿ ಹಾದುಹೋದ ಅತಿಥಿಯಿರಲಿಲ್ಲ, ಊರಿನವರು ಬರೆಯಲಿಲ್ಲ. ಅಷ್ಟೇ ಭೇದ.

ಈಗ ನಮ್ಮ ದುರ್ಗದ ಮಾತಿಗೆ ಬರೋಣ. ದೆಲ್ಲಾ ವಾಲ್ಲೆ ಇಕ್ಕೇರಿಯಲ್ಲಿದ್ದ ೧೬೨೩ರಲ್ಲಿ ಚಿತ್ರದುರ್ಗದಲ್ಲಿ ಹಿರಿಯ ಕಸ್ತೂರಿ ರಂಗಪ್ಪನಾಯಕನ ಆಳಿಕೆ ನಡೆಯುತ್ತಿತ್ತು. ಅದನ್ನು ೧೬೦೨ರಿಂದ ೧೬೫೨ರವರೆಗೆ ಎಣಿಸುವರು. ಇಕ್ಕೇರಿಯಿಂದ ಮೂಡಣಕ್ಕೆ ಇನ್ನು ಕೆಲವು ದಿನದ ಪ್ರಯಾಣ ಮಾಡಿದ್ದರೆ ಈ ರೋಮದವನು ನಮ್ಮ ಕೋಟೆಯ ಬಾಗಿಲನ್ನು ಸೇರುತ್ತಿದ್ದನು. ನಾಯಕನು ಏನನ್ನು ಉಡುತ್ತಿದ್ದನು, ಬೀದಿಯಲ್ಲಿ ಮಕ್ಕಳು ಯಾವ ರಾಗದಲ್ಲಿ ಮಗ್ಗಿ ಹೇಳುತ್ತಿದ್ದರು ಎಂಬುದೆಲ್ಲ ಆಗ ನಮಗೆ ತಿಳಿಯುತ್ತಿತ್ತು. ಅವನು ಹಾಗೆ ಬರಲಿಲ್ಲ. ಘಟ್ಟವನ್ನಿಳಿದು ಹಡಗಿಗೆ ಹೋದನು.

ಹಾಗೆಂದು ಕಡಲಿನ ಗಾಳಿ ನಮ್ಮ ಕಡೆಗೆ ಬೀಸಲೇ ಇಲ್ಲವೆನ್ನುವಂತಿಲ್ಲ. ಕೋಟೆಯ ಬೆನ್ನಿಗೆ ಇರುವ ಚಂದ್ರವಳ್ಳಿಯಲ್ಲಿ, ಮಯೂರಶರ್ಮನ ಶಾಸನವಿರುವ ಆ ಕಣಿವೆಯಲ್ಲಿ, ಡಾಕ್ಟರ್ ಎಂ. ಎಚ್. ಕೃಷ್ಣ ಅವರು ೧೯೨೯ರಲ್ಲಿ ಅಗೆತವನ್ನು ನಡೆಸಿದರು. ೧೯೪೭ರಲ್ಲಿ ವ್ಹೀಲರ್ ಸಾಹೇಬರು ಅಲ್ಲಿಯೂ ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿಯೂ ಅಗೆಸಿದರು. ಶಾತವಾಹನರ ನಾಣ್ಯಗಳೊಡನೆ ರೋಮಿನ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಇವರ ಬೆಳ್ಳಿಯ ನಾಣ್ಯಗಳೂ ಚಂದ್ರವಳ್ಳಿಯಲ್ಲಿ ದೊರೆತಿವೆ. ದೆಲ್ಲಾ ವಾಲ್ಲೆಗಿಂತ ಸಾವಿರದ ಆರುನೂರು ವರ್ಷ ಮೊದಲು ಅವನ ಊರಿನ ಹಣ ಹಡಗಿನಿಂದಿಳಿದು ನಮ್ಮ ಊರಿಗೆ ಬಂದಿತ್ತು! ಪಡುವಣ ರೇವಿನಿಂದಲೋ ಮೂಡಣ ರೇವಿನಿಂದಲೋ ಎತ್ತಿನ ಹೇರುಗಳ ಜೊತೆಯಲ್ಲಿ ಕೈಯಿಂದ ಕೈಗೆ ದಾಟಿ ಬಂದಿರಬೇಕು. ಆದರೆ ನಾಣ್ಯ ಬಂದಿತೇ ಹೊರತು ತಂದವನ ಮಾತು ಬರಲಿಲ್ಲ. ಅವನು ಚಂದ್ರವಳ್ಳಿಯ ಕೆರೆಯ ದಡದಲ್ಲಿ ಏನನ್ನು ಕಂಡನೋ ಯಾರೂ ಹೇಳಲಾರರು. ಬೆಳ್ಳಿ ಉಳಿದ ಕಡೆಯಲ್ಲಿ ನುಡಿ ಉಳಿಯಲಿಲ್ಲ.

ನುಡಿ ಉಳಿದುದು ಬಹಳ ತಡವಾಗಿ. ಮೊದಲು ಹಡಗುಗಳಲ್ಲಿ ವೈದ್ಯನಾಗಿದ್ದು ಆಮೇಲೆ ಕುಂಪಣಿಯ ಚಾಕರಿಗೆ ಸೇರಿದ ಫ್ರಾನ್ಸಿಸ್ ಬುಕಾನನ್ ಎಂಬಾತನು, ಟಿಪ್ಪುಸುಲ್ತಾನನ ಪತನಾನಂತರ, ೧೮೦೦–೧೮೦೧ರಲ್ಲಿ ಮೈಸೂರು, ಕೆನರಾ, ಮಲೆಯಾಳ ದೇಶಗಳನ್ನು ಸಂಚರಿಸಿದನು. ಕರಾವಳಿಯಿಂದ ಘಟ್ಟವನ್ನು ಹತ್ತಿ, ನಗರ, ಇಕ್ಕೇರಿಗಳನ್ನು ಹಾದು, ಚಿತ್ರದುರ್ಗದ ಸೀಮೆಯ ಮೂಲಕ ಹಿರಿಯೂರಿಗೆ ಬಂದ ದಾರಿಯನ್ನು ಅವನು ತನ್ನ ಗ್ರಂಥದಲ್ಲಿ ವರ್ಣಿಸಿರುವನು. ಗ್ರಂಥವು ೧೮೦೭ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ದಾವಣಗೆರೆಯ ಕಂಬಳಿಯ ವಿಷಯವನ್ನು ಅದರಲ್ಲಿ ಓದಬಹುದು. ಅವನದು ಕುಂಪಣಿಯ ಕಣ್ಣು. ಯಾವ ನೆಲ ಏನು ಬೆಳೆಯುತ್ತದೆ, ಯಾವ ಊರು ಏನನ್ನು ಮಾರುತ್ತದೆ ಎಂಬುದೇ ಅದಕ್ಕೆ ಬೇಕಾಗಿತ್ತು. ಆದರೂ ಅಂದಿನ ನಮ್ಮ ನೇಕಾರನನ್ನೂ ಒಕ್ಕಲಿಗನನ್ನೂ ತಿಳಿಯಬೇಕಾದರೆ ಇಂದಿಗೂ ನಾವು ಆ ಹೊರಗಿನವನ ಬಾಗಿಲಿಗೇ ಹೋಗಬೇಕು.

ನಮ್ಮವರು ಏನೂ ಮಾಡಲಿಲ್ಲವೆಂದರೆ ಅನ್ಯಾಯವಾದೀತು. ಎಂ. ಎಸ್. ಪುಟ್ಟಣ್ಣನವರು ಚಿತ್ರದುರ್ಗದ ಪಾಳೆಯಗಾರರ ಚರಿತ್ರೆಯನ್ನು ಬರೆದರು. ಹುಳ್ಳೂರು ಶ್ರೀನಿವಾಸ ಜೋಯಿಸರು ಓಲೆ, ಕಡತ, ಶಾಸನಗಳನ್ನು ಹುಡುಕುತ್ತ ದುರ್ಗದ ಇತಿಹಾಸಕ್ಕೇ ಬಾಳನ್ನು ಮುಡಿಪಿಟ್ಟರು. ಇಂತಹ ಮಹನೀಯರು ಒಬ್ಬಿಬ್ಬರು. ನಾವು ಉಳಿದವರು ಅನೇಕರು.

ನನ್ನ ಮಟ್ಟಿಗೆ ಈ ಲಜ್ಜೆ ಹೊಸದಲ್ಲ. ಹಿಂದೊಮ್ಮೆ ದೂರದ ಊರಿನಿಂದ ಬಂದ ಅತಿಥಿಯೊಬ್ಬರನ್ನು ಕೋಟೆಗೆ ಕರೆದುಕೊಂಡು ಹೋಗಿದ್ದೆನು. ಏಕನಾಥೇಶ್ವರಿ, ಹಿಡಿಂಬೇಶ್ವರ, ಒಬವ್ವನ ಕಿಂಡಿಗಳನ್ನು ತೋರಿಸಿ, ಹೈದರಾಲಿಯ ಮುತ್ತಿಗೆಯನ್ನೂ ೧೭೭೯ರಲ್ಲಿ ಕೋಟೆ ಬಿದ್ದುದನ್ನೂ ಬಾಯಿಪಾಠವಾಗಿ ಒಪ್ಪಿಸಿದೆನು. ಅತಿಥಿಗಳು ಗೋಪಾಲಸ್ವಾಮಿ ಹೊಂಡದ ಮೆಟ್ಟಿಲ ಮೇಲೆ ಕುಳಿತು, “ಸ್ವಾಮಿ, ಈ ಹೊಂಡ ತುಂಬಿದರೆ ನೀರು ಎತ್ತ ಹೋಗುತ್ತದೆ?” ಎಂದು ಕೇಳಿದರು. ನಾನು ಹುಟ್ಟಿದಂದಿನಿಂದ ನೋಡಿದ ಹೊಂಡ. ಆ ಪ್ರಶ್ನೆ ನನಗೆ ಒಂದು ದಿನವೂ ಹುಟ್ಟಿರಲಿಲ್ಲ. ಹತ್ತಿರದಲ್ಲಿ ಹುಲ್ಲು ಕೊಯ್ಯುತ್ತಿದ್ದ ಮುದುಕಿಯೊಬ್ಬಳು ತಲೆಯೆತ್ತಿ, “ಅಕ್ಕತಂಗಿ ಹೊಂಡಕ್ಕೆ ಇಳೀತದೆ ಕಣಪ್ಪ, ಅಲ್ಲಿಂದ ಸಿಹಿನೀರು ಹೊಂಡ, ಆಮೇಲೆ ಸಂತೆ ಹೊಂಡ” ಎಂದು ಒಂದೇ ಉಸಿರಿನಲ್ಲಿ ಹೇಳಿ ಮತ್ತೆ ಕುಡುಗೋಲಿಗೆ ಕೈ ಹಾಕಿದಳು. ಬಂಡೆಯ ಮೇಲೆ ಬಿದ್ದ ಮಳೆಯನ್ನು ಹನಿಯೂ ಪೋಲಾಗದಂತೆ ಹೊಂಡದಿಂದ ಹೊಂಡಕ್ಕೆ ಇಳಿಸಿ ಊರಿಗೆ ಕೊಟ್ಟ ನಮ್ಮ ಹಿರಿಯರ ಜಾಣ್ಮೆಯು ಆ ಒಂದು ಮಾತಿನಲ್ಲಿತ್ತು. ಅತಿಥಿಗಳು ಕಿಸೆಯಿಂದ ಪುಸ್ತಕವನ್ನು ತೆಗೆದು ಅದನ್ನು ಬರೆದುಕೊಂಡರು. ನಾನು ಸುಮ್ಮನೆ ನಿಂತಿದ್ದೆನು.

ಆದುದರಿಂದ, ಹಡಗಿನಿಂದಿಳಿದು ಒಂದು ಹಗಲು ನಮ್ಮ ನಾಡನ್ನು ನೋಡಿ ಹೋಗುವವರನ್ನು ಕಂಡು ನಗುವ ಮೊದಲು ನಮ್ಮನ್ನು ನಾವು ಕೇಳಿಕೊಳ್ಳಬೇಕು. ನೋಟದ ಬೆಲೆ ಅದರ ಕಾಲಾವಧಿಯಿಂದ ಬರುವುದಿಲ್ಲ. ಕೇಳುವ ನಾಲಗೆ, ಬರೆಯುವ ಕೈ, ತಪ್ಪಿದಾಗ ತಿದ್ದಿಕೊಳ್ಳುವ ಮನಸ್ಸು ಇವುಗಳಿಂದ ಬರುತ್ತದೆ. ಇವು ಇಲ್ಲದವನಿಗೆ ನೂರು ವರ್ಷದ ವಾಸವೂ ಕುರುಡೇ. ಅತಿಥಿಗೆ ಹೊಸಗಣ್ಣಿದೆ, ಆದರೆ ಭಾಷೆಯಿಲ್ಲ, ಬಿಡುವಿಲ್ಲ. ನಮಗೆ ಭಾಷೆಯಿದೆ, ಆ ಮುದುಕಿಯಂತಹ ಸಾಕ್ಷಿಗಳಿದ್ದಾರೆ, ಇಲ್ಲದಿರುವುದು ಹೊಸಗಣ್ಣೊಂದೇ. ಅದನ್ನು ಸಂಪಾದಿಸಿಕೊಳ್ಳುವುದಕ್ಕೆ ಕಡಲು ದಾಟಬೇಕಾಗಿಲ್ಲ. ವರ್ಷದಲ್ಲಿ ಒಂದು ದಿನ ನಮ್ಮ ಊರಿಗೆ ನಾವೇ ಈಗತಾನೆ ಹಡಗಿನಿಂದ ಇಳಿದವರಂತೆ ಹೊರಟು, ಹೊಲದ ಬದುವಿನ ಕಲ್ಲು ಯಾರದು, ಕೆರೆಯ ತೂಬಿಗೆ ಏನು ಹೆಸರು, ಅಜ್ಜಿ ಹೇಳುವ ಲಾವಣಿಯ ನಾಯಕನು ಯಾವ ಹಟ್ಟಿಯವನು ಎಂದು ಕೇಳಿ ಬರೆದುಕೊಂಡರೆ ಸಾಕು. ಹಿರಿಯೂರಿನವರು ಹಿರಿಯೂರಿನದನ್ನು, ಹೊಸದುರ್ಗದವರು ಹೊಸದುರ್ಗದುದನ್ನು, ಹೊಳಲ್ಕೆರೆಯವರು ತಮ್ಮ ಬಯಲು ಗಣಪತಿಯ ಸುತ್ತಮುತ್ತಣದನ್ನು ಹೀಗೆ ಬರೆದು ಪತ್ರಿಕೆಗೆ ಕಳುಹಿಸಲಿ.

ಜಕ್ಕಮ್ಮನಿಗೆ ಪರದೇಶದವನೊಬ್ಬನು ಕೊಟ್ಟ ಮಾತನ್ನು ಉಳಿಸಿಕೊಂಡನು. ನಮ್ಮ ಊರ ಹೊರಗೆ ತೋಳೆತ್ತಿ ನಿಂತವರಿಗೆ ಮಾತು ಕೊಡಬೇಕಾದವರು ನಾವು.